ಗದ್ದಕ್ಕೆ ಕಟ್ಟಿದ ವಸ್ತ್ರ

ನಮ್ಮ ಬೀದಿಯ ಹೆಂಗಸರು ಬಾಯಿ ಬಿಟ್ಟು ನಗುತ್ತಿರಲಿಲ್ಲ. ಮದುವೆಯಲ್ಲಿ ಕುಣಿಯುವಾಗಲೂ ಅಷ್ಟೆ, ನಾಮಕರಣದ ದಿನ ಗಂಡಸರು ಕುಡಿದು ಮಂಗಗಳ ಹಾಗೆ ಆಡುವಾಗಲೂ ಅಷ್ಟೆ, ತುಟಿ ಬಿಗಿಹಿಡಿದೇ ನಗುತ್ತಿದ್ದರು. ಸ್ಲೋವಾಕ್ ಹೆಂಗಸರಿಗೆ ಎಷ್ಟು ನಾಚಿಕೆ ಅಂತ ಹೊರಗಿನವರು ಮೆಚ್ಚಿಕೊಂಡದ್ದೂ ಉಂಟು. ನಾಚಿಕೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಲ್ಲು ಕಂಡವರು ಎಲ್ಲಿ ಹೋಗಿ ಏನು ಹೇಳಿಬಿಡುತ್ತಾರೋ ಅನ್ನುವ ಭಯ, ಅಷ್ಟೆ.

ಓಹಾಯೋದ ಆ ಊರಿನಲ್ಲಿ ಇದ್ದದ್ದು ಒಂದು ಬೆಂಕಿಕಡ್ಡಿ ಕಾರ್ಖಾನೆ. ಮಿಕ್ಕದ್ದೆಲ್ಲ ಅದರ ಬಾಲ. ಬೀದಿಯ ಮನೆಗಳು ಕಾರ್ಖಾನೆಯವು, ಅಂಗಡಿ ಕಾರ್ಖಾನೆಯದು, ಬೆಳಗ್ಗೆ ನಾವು ಏಳುತ್ತಿದ್ದದ್ದು ಕಾರ್ಖಾನೆಯ ಸೀಟಿಗೆ. ಗಂಡಸರು ಅಂಗಳದಲ್ಲಿ ಪೈನ್ ಮರ ಕೊಯ್ಯುತ್ತಿದ್ದರು. ಹುಡುಗಿಯರಿಗೆ ಒಳಗಿನ ಕೆಲಸ. ಕಡ್ಡಿಯ ತಲೆಗೆ ರಂಜಕದ ಗಂಜಿ ಅದ್ದುವುದು, ಒಣಗಿದ್ದನ್ನು ಪೆಟ್ಟಿಗೆಗೆ ತುಂಬುವುದು. ರಂಜಕದ ಹೊಗೆಗೆ ಬೆಳ್ಳುಳ್ಳಿಯ ವಾಸನೆ. ಕೆಲಸ ಮುಗಿಸಿ ಬಂದ ಹುಡುಗಿಯರು ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದರೆ ಅವರ ಲಂಗ ಕತ್ತಲಲ್ಲಿ ಮಿಣುಮಿಣು ಹೊಳೆಯುತ್ತಿತ್ತು. ಹೊಸದಾಗಿ ಹಡಗಿಳಿದು ಬಂದವರು ಅದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಬೊರ್ಕಾ ಚಿಕ್ಕಮ್ಮನನ್ನು ನೋಡಿದ ಮೇಲೆ ಯಾರೂ ತಟ್ಟುತ್ತಿರಲಿಲ್ಲ.

ಬೊರ್ಕಾ ಚಿಕ್ಕಮ್ಮ ನಮ್ಮ ಪಕ್ಕದ ಮನೆಯವಳು. ವರ್ಷಗಟ್ಟಲೆ ಪೆಟ್ಟಿಗೆ ತುಂಬಿದವಳು. ಮೊದಲು ಒಂದು ಹಲ್ಲು ನೋವು, ಆಮೇಲೆ ಕೆನ್ನೆ ಊದಿತು, ಆಮೇಲೆ ದವಡೆಯ ಕೆಳಗೆ ತೂತು ಬಿದ್ದು ಕೀವು ಇಳಿಯತೊಡಗಿತು. ಒಳಗೆ ಮೂಳೆಯೇ ಕೊಳೆಯುತ್ತಿತ್ತು. ಅವಳ ಸೊಸೆ ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ತುರುಕಿದಳು. ವಾಸನೆ ಬೀದಿಗೆ ಬರಬಾರದು ಅಂತ. ನಾನು ದಿನವೂ ಮಧ್ಯಾಹ್ನ ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಮೊದಲು ವಾಸನೆ ಹೊಡೆಯುತ್ತಿತ್ತು, ಆಮೇಲೆ ಆ ಕತ್ತಲಲ್ಲಿ ಅವಳು ಉಸಿರು ಬಿಟ್ಟಾಗಲೆಲ್ಲ ಬಾಯಿಯ ಹತ್ತಿರ ತೆಳ್ಳಗೆ ಹಸಿರು ಬೆಳಕು. ನಾನು ಹೆದರುಪುಕ್ಕಲಿ ಅಲ್ಲ. ಆದರೂ ಸಾರಿನ ಬಟ್ಟಲು ಕೆಳಗಿಟ್ಟು, ಹಿಂದೆ ತಿರುಗಿ ನೋಡದೆ ಹೊರಗೆ ಬಂದುಬಿಡುತ್ತಿದ್ದೆ.

ಆ ಕಾಯಿಲೆಗೆ ನಮ್ಮ ಬೀದಿಯಲ್ಲಿ ಹೆಸರಿರಲಿಲ್ಲ. "ಅದು" ಅನ್ನುತ್ತಿದ್ದೆವು.

"ಅದು" ಇದ್ದವಳನ್ನು ಕಾರ್ಖಾನೆ ಇಟ್ಟುಕೊಳ್ಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರು ಬಂದು, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿಗೆ ಕನ್ನಡಿ ಹಾಕಿ ನೋಡುತ್ತಿದ್ದ. ಹುಳುಕು ಹಲ್ಲು ಕಂಡರೆ ಮನೆಗೆ. ಕಾಯಿಲೆ ಬಂದ ಮೇಲೆ ಆರೈಕೆ ಮಾಡುವುದಕ್ಕಿಂತ ಬರುವ ಮೊದಲೇ ಓಡಿಸಿದರೆ ಸಲೀಸು ಅಂತ ಕಂಪನಿಯವರ ಬುದ್ಧಿ. ನಮ್ಮವರೇನು ಕಡಿಮೆಯೇ? ಸಂತ ಅಪೋಲೋನಿಯಾಳ ಹಬ್ಬದ ಮೇಣದಬತ್ತಿಯ ತುಂಡನ್ನು ಎತ್ತಿಟ್ಟುಕೊಂಡಿದ್ದು, ಡಾಕ್ಟರು ಬರುವ ದಿನ ಆ ಬಿಳಿ ಮೇಣವನ್ನು ಮೆತ್ತಗೆ ಮಾಡಿ ಹುಳುಕಿನ ತೂತಿಗೆ ತುಂಬಿಕೊಳ್ಳುತ್ತಿದ್ದರು. ಹಲ್ಲುನೋವಿನ ಸಂತಳ ಮೇಣ, ಎರಡು ಕೆಲಸ ಆಗಲಿ ಅಂತ. ಆ ಚಳಿಗಾಲದಲ್ಲಿ ಡಾಕ್ಟರಿಗೆ ಅದು ತಿಳಿದುಹೋಯಿತು. ಚೂಪು ಕಡ್ಡಿ ತಂದು ಒಂದೊಂದು ಹಲ್ಲನ್ನೂ ಕೆರೆದು ನೋಡತೊಡಗಿದ. ಸಿಕ್ಕಿಬಿದ್ದ ಹುಡುಗಿಯರು ಅಳುತ್ತ ಮನೆಗೆ ಬಂದರು.

ನನ್ನ ತಂಗಿ ಝೋಫ್ಕಾ ಅದ್ದುವ ಕೋಣೆಯಲ್ಲಿದ್ದಳು. ಹತ್ತೊಂಬತ್ತು ತುಂಬಿತ್ತು, ನಾಲಗೆಗೆ ಮಾತ್ರ ನಲವತ್ತು. ಅವ್ವ ಊರಿನಿಂದ ಅವಳನ್ನು ಹಡಗು ಹತ್ತಿಸುವಾಗ "ತೆರೆಜಾ, ಇವಳು ನಿನ್ನ ಕೈಲಿ" ಅಂತ ಹೇಳಿಕಳಿಸಿದ್ದಳು. ನಾನೂ ಮದುವೆಗೆ ಮುಂಚೆ ಅದೇ ಕಾರ್ಖಾನೆಯಲ್ಲಿದ್ದವಳು. ಆಮೇಲೆ ಗಂಡ ಪಾಲ್ಕೊ, ಮನೆ, ಊಟ-ವಸತಿಗೆ ಅಂತ ಇಟ್ಟುಕೊಂಡ ಆರು ಜನ ಗಂಡಸರು, ಅವರ ಆರು ಜೊತೆ ಕೊಳಕು ಅಂಗಿ. ಕಾರ್ಖಾನೆಯೇ ವಾಸಿಯಿತ್ತು ಅಂತ ತಮಾಷೆಗೆ ಹೇಳುತ್ತಿದ್ದೆ.

ಆ ಭಾನುವಾರ ಊಟಕ್ಕೆ ಕೂತಾಗ ಝೋಫ್ಕಾ ಎಲೆಕೋಸಿನ ಸಾರು ಮಾತ್ರ ಕುಡಿದಳು. ರೊಟ್ಟಿ ಮುಟ್ಟಲಿಲ್ಲ.

"ಏನೇ, ಯಾರಾದ್ರೂ ನೋಡೋಕೆ ಬರ್ತಾರಾ? ಸೊಂಟ ಸಣ್ಣ ಮಾಡ್ಕೋತಾ ಇದ್ದೀಯಾ?" ಅಂದೆ.

ಗಂಡಸರು ಎದ್ದುಹೋಗುವವರೆಗೆ ಕಾದು, ಅವಳು ಬಾಯಿ ತೆರೆದು ತೋರಿಸಿದಳು. ಹಿಂದಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ಆ ಜಾಗದಲ್ಲಿ ರಕ್ತದಲ್ಲಿ ನೆನೆದ ಹತ್ತಿ.

"ನಿನ್ನೆ ಕ್ಷೌರದವನ ಹತ್ರ ಕೀಳಿಸ್ಕೊಂಡು ಬಂದೆ ಅಕ್ಕ. ಶುಕ್ರವಾರ ಹಲ್ಲಿನವನು ಬರ್ತಾನಲ್ಲ. ಹುಳುಕು ಹಲ್ಲು ಇದ್ರೆ ತಾನೇ ಕಡ್ಡಿ ಹಾಕಿ ಕೆರೆಯೋದು? ಹಲ್ಲೇ ಇಲ್ಲದ ಜಾಗಾನ ಕೆರೆದು ಏನು ಮಾಡ್ತಾನೆ?"

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳ ಹಣೆಗೆ ಮುತ್ತು ಕೊಟ್ಟೆ. ಪೀಡೆ ಬೇರುಸಮೇತ ಹೋಯಿತಲ್ಲ! ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಶನಿವಾರ ಕೀಳಿಸುವುದು, ಭಾನುವಾರ ಸಾರು ಕುಡಿಯುವುದು, ಸೋಮವಾರ ಸೀಟಿ ಊದಿದಾಗ ಕೆಲಸಕ್ಕೆ ಹೋಗುವುದು.

ಅದೇ ವಾರ ವಾಷಿಂಗ್ಟನ್ನಿನಿಂದ ಒಬ್ಬ ಹೆಂಗಸು ಊರಿಗೆ ಬಂದಿದ್ದಳು, ಮಿಸ್ ಪೆನ್‌ಫೀಲ್ಡ್ ಅಂತ. ಸರ್ಕಾರ ಕಳಿಸಿದವಳು. ಕಡ್ಡಿ ಕಾರ್ಖಾನೆಗಳ ಊರೂರು ತಿರುಗಿ, ದವಡೆ ಕೊಳೆತವರು ಯಾರಿದ್ದಾರೆ ಅಂತ ಹುಡುಕುವುದು ಅವಳ ಕೆಲಸ. ಅವಳು ರೈಲಿಳಿಯುವ ಮೊದಲೇ ಮೇಸ್ತ್ರಿ ಕ್ರೌಚ್ ಮನೆಮನೆಗೂ ಬಂದು ಹೋಗಿದ್ದ. ಅವಳಿಗೆ ಬಾಗಿಲು ತೆರೆದವರು ಅವತ್ತೇ ಪಾತ್ರೆ-ಪಡಗ ಬೀದಿಗೆ ಇಟ್ಟುಕೊಳ್ಳಬಹುದು ಅಂತ ಹೇಳಿದ್ದ. ಅವನು ಹೇಳಿದ್ದನ್ನು ಮಾಡುವವನೇ. ಹೋದ ವರ್ಷ ಒಂದು ಸಂಸಾರವನ್ನು ಹಿಮದಲ್ಲಿ ತೊಟ್ಟಿಲ ಸಮೇತ ಹೊರಗೆ ಹಾಕಿದ್ದನ್ನು ನಾವೆಲ್ಲ ನೋಡಿದ್ದೆವು.

ಸೋಮವಾರ ಬೆಳಗ್ಗೆ ಹಿಟ್ಟು ನಾದುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು.

"ಅಮ್ಮಾ, ಬಾಗಿಲು ತೆರಿತೀಯಾ?"

ನಮ್ಮದೇ ಭಾಷೆ! ಮಿಸ್ ಪೆನ್‌ಫೀಲ್ಡ್ ಅದನ್ನು ಪಿಟ್ಸ್‌ಬರ್ಗಿನಲ್ಲಿ ನಮ್ಮವರ ನಡುವೆ ದಾದಿಯಾಗಿ ಕೆಲಸ ಮಾಡಿ ಕಲಿತದ್ದಂತೆ. ಮೂರು ವರ್ಷದ ಮಗು ಮಾತಾಡಿದ ಹಾಗಿತ್ತು.

"ಮನೇಲಿ ಯಾರೂ ಇಲ್ಲ" ಅಂದೆ.

"ಇಲ್ಲ ಅಂತ ಹೇಳೋದು ಯಾರು ಮತ್ತೆ?"

"ಬೆಕ್ಕು."

ಹೊರಗೆ ಅವಳು ನಕ್ಕದ್ದು ಕೇಳಿಸಿತು. "ಸರಿ ಬೆಕ್ಕಮ್ಮ. ನಾನು ಒಳಗೆ ಬರಲ್ಲ. ಒಂದು ಮಾತು ಹೇಳಿ ಹೋಗ್ತೀನಿ. ಎಲ್ಲ ಬಾಗಿಲಿಗೂ ಹೇಳ್ತೀನಿ ಇದನ್ನ. ಮನೇಲಿ ಯಾರಾದ್ರೂ ಹಲ್ಲು ಕೀಳಿಸಿದ್ರೆ ಅವರನ್ನ ಕಾರ್ಖಾನೆಗೆ ಕಳಿಸ್ಬೇಡ. ಗಾಯ ಮುಚ್ಚೋವರೆಗೆ ಕಳಿಸ್ಬೇಡ. ಹುಳುಕು ಹಲ್ಲು ಅಂದ್ರೆ ಬಿರುಕು ಬಿಟ್ಟ ಬಾಗಿಲು. ಕಿತ್ತ ಜಾಗ ಅಂದ್ರೆ ಬಾಗಿಲೇ ತೆರೆದ ಹಾಗೆ. ಆ ಹೊಗೆ ಸೀದಾ ಮೂಳೆಗೆ ಹೋಗ್ತದೆ."

ಹಿಟ್ಟಿನಲ್ಲಿದ್ದ ನನ್ನ ಕೈ ಅಲ್ಲೇ ನಿಂತಿತು. ಕ್ರೌಚ್‌ನೂ ನೆನಪಾಗಲಿಲ್ಲ, ಮನೆಯೂ ನೆನಪಾಗಲಿಲ್ಲ. ಹೋಗಿ ಬಾಗಿಲು ತೆರೆದೆ. ಹೊರಗೆ ಒಬ್ಬ ಬಡಕಲು ಹೆಂಗಸು, ಒದ್ದೆ ಬೂಟು, ಚಳಿಗೆ ಮೂಗು ಕೆಂಪಗಾಗಿತ್ತು.

"ಶನಿವಾರ ಕೀಳಿಸಿದ್ರೆ?" ಅಂತ ಕೇಳಿದೆ.

"ಯಾರು?"

"ಯಾರೋ. ಬೆಕ್ಕಿನ ತಂಗಿ."

"ಈಗ ಎಲ್ಲಿದ್ದಾಳೆ?"

ನಾನು ಕಾರ್ಖಾನೆಯ ಚಿಮಣಿಯ ಕಡೆಗೆ ಗದ್ದ ಎತ್ತಿದೆ. ಅವಳ ಮುಖದಲ್ಲಿದ್ದ ನಗು ಹೋಯಿತು.

"ಹೊರಗೆ ಕರ್ಕೊಂಡು ಬಾ" ಅಂದಳು. "ಇವತ್ತೇ. ಒಂದೊಂದು ದಿನಾನೂ ಕೆಟ್ಟದ್ದು. ಬೇರೆ ದೇಶಗಳಲ್ಲಿ ಈ ರಂಜಕ ನಿಲ್ಲಿಸಿದಾರೆ, ಕಡ್ಡಿಗೆ ಬೇರೆ ಮದ್ದು ಉಂಟು. ಇಲ್ಲೂ ನಿಲ್ಲಿಸೋಕೆ ಕಾನೂನು ತರ್ಬೇಕು ಅಂತ ನಾವು ಓಡಾಡ್ತಾ ಇರೋದು. ಮಾಲೀಕರು ಹೇಳ್ತಾರೆ, ಅಮೆರಿಕದಲ್ಲಿ ಆ ಕಾಯಿಲೆನೇ ಇಲ್ಲ ಅಂತ. ಈ ಬೀದೀಲಿ ಎಲ್ಲರೂ ಅದನ್ನೇ ಹೇಳಿದ್ರು. ಪಕ್ಕದ ಮನೇಲೂ ಯಾರೂ ಇಲ್ಲವಂತೆ."

ಅವಳು ಪಕ್ಕದ ಮನೆಯ ಹಿಂದಿನ ಕಿಟಕಿಯನ್ನು ನೋಡಿದಳು. ಕಂಬಳಿ ತುರುಕಿದ್ದ ಕಿಟಕಿ. ಅವಳಿಗೂ ಮೂಗಿತ್ತಲ್ಲ. ನಾನು ಶಾಲು ಹೊದ್ದು ಓಡಿದೆ.

ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಏನು ಕೆಲಸ ಅಂದ. ಏನು ಹೇಳಲಿ? ಹಲ್ಲು ಅಂದರೆ ಝೋಫ್ಕಾಳ ಕಥೆ ಅಲ್ಲಿಗೆ ಮುಗಿಯಿತು. ಅವ್ವನಿಗೆ ಹುಷಾರಿಲ್ಲ ಅನ್ನೋಣವೆಂದರೆ ಅವ್ವ ಸಮುದ್ರದ ಆಚೆ. ಮನೆಗೆ ಬೆಂಕಿ ಬಿದ್ದಿದೆ ಅಂತ ಬಾಯಿಗೆ ಬಂತು, ಆದರೆ ಕಡ್ಡಿ ಕಾರ್ಖಾನೆಯ ಗೇಟಿನಲ್ಲಿ ನಿಂತು ಆ ಮಾತು ಆಡುವಷ್ಟು ಹುಚ್ಚಿ ನಾನಲ್ಲ. ಮಧ್ಯಾಹ್ನದ ಸೀಟಿಯವರೆಗೆ ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಬೆಳ್ಳುಳ್ಳಿ ವಾಸನೆ ಬರುತ್ತಲೇ ಇತ್ತು. ಒಂದೊಂದು ಸಲ ಉಸಿರೆಳೆದಾಗಲೂ, ಇದು ಅವಳ ಬಾಯಿಯ ಆ ತೂತಿಗೆ ಇಳಿಯುತ್ತಿದೆ, ಇಳಿಯುತ್ತಿದೆ ಅಂತಲೇ ಅನ್ನಿಸುತ್ತಿತ್ತು.

ಊಟಕ್ಕೆ ಬಿಟ್ಟಾಗ ಹುಡುಗಿಯರು ಅಂಗಳಕ್ಕೆ ಬಂದರು. ಬೇಲಿಯ ಸಂದಿನಿಂದ ಕೈ ಹಾಕಿ ಝೋಫ್ಕಾಳ ತೋಳು ಹಿಡಿದೆ. ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ನಗು" ಅಂದಳು ಅವಳು.

"ಏನೇ ಹೇಳ್ತಾ ಇದ್ದೀನಿ ನಾನು..."

"ನಗಕ್ಕಾ. ಕ್ರೌಚ್ ನೋಡ್ತಾ ಇದ್ದಾನೆ."

ನಾನು ತುಟಿ ಬಿಗಿದು ನಕ್ಕೆ. ಅವಳೂ ನಕ್ಕಳು. ಹಾಗೆ ನಗುನಗುತ್ತಲೇ ಜಗಳವಾಡಿದೆವು.

"ಹತ್ತಿ ಎಲ್ಲೇ?"

"ಬಿದ್ದುಹೋಯ್ತು."

"ಝೋಫ್ಕಾ, ಬಾರೇ ಮನೆಗೆ. ನಿನ್ನ ಕಾಲಿಗೆ ಬೀಳ್ತೀನಿ."

"ಯಾವಳೋ ಬಾಗಿಲಿಗೆ ಬಂದು ಏನೋ ಹೇಳಿದ್ಲು ಅಂತ ಓಡಿ ಬಂದ್ಯಾ? ಎಲ್ಲರೂ ಕೀಳಿಸ್ಕೋತಾರೆ, ಎಲ್ಲರೂ ಮರುದಿನ ಬರ್ತಾರೆ. ಎಲ್ಲರಿಗೂ ಬಂತಾ?" ಅವಳು ನಗುತ್ತಿದ್ದಳು, ಕಣ್ಣಿನಲ್ಲಿ ಮಾತ್ರ ನೀರು. "ಶುಕ್ರವಾರದವರೆಗೆ ಅಷ್ಟೇ. ಹಲ್ಲಿನವನು ನೋಡಿ ಸರಿ ಅಂದ್ಬಿಡ್ಲಿ. ಆಮೇಲೆ ಜ್ವರ ಅಂತ ಎರಡು ವಾರ ಮಲಗ್ತೀನಿ, ನಿನ್ನಾಣೆ. ಈಗ ಬಿಟ್ಟು ಬಂದ್ರೆ ಯಾಕೆ ಬಿಟ್ಲು ಅಂತ ಇಡೀ ಬೀದಿಗೆ ಗೊತ್ತಾಗುತ್ತೆ. ಆಮೇಲೆ ನನ್ನನ್ನ ಎಲ್ಲಿ ಕೂರಿಸ್ತೀಯ ಹೇಳು? ಬೊರ್ಕಾ ಚಿಕ್ಕಮ್ಮನ ಪಕ್ಕದಲ್ಲಾ?"

ಅವಳ ಭಯ ನನಗೆ ಅರ್ಥವಾಗುತ್ತಿತ್ತು, ಅದೇ ಸಂಕಟ. ಹಿಂದಿನ ಕೋಣೆಗೆ ಹೆದರಿ ಅವಳು ಹಿಂದಿನ ಕೋಣೆಯ ದಾರಿಯನ್ನೇ ಹಿಡಿದಿದ್ದಳು.

ಅಷ್ಟರಲ್ಲಿ ಕ್ರೌಚ್ ಹತ್ತಿರ ಬಂದ. ನಮ್ಮ ಊರಿನಲ್ಲಿ ಬಾಯಿ ತುಂಬ ಹಲ್ಲು ತೋರಿಸಿ ನಗುತ್ತಿದ್ದವನು ಅವನೊಬ್ಬನೇ. ಅವನು ಅದ್ದುವ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ಕೂಗುತ್ತಿದ್ದ.

"ಏನಮ್ಮಾ, ಯಾರಿಗೆ ಹುಷಾರಿಲ್ಲ?"

"ಎಲ್ಲರೂ ಚೆನ್ನಾಗಿದ್ದಾರೆ ಸ್ವಾಮಿ. ಇವಳ ಬುತ್ತಿಗೆ ಉಪ್ಪು ಹಾಕೋದು ಮರೆತಿದ್ದೆ, ತಂದುಕೊಟ್ಟೆ."

"ಕೈಯೆಲ್ಲ ಹಿಟ್ಟು ಮಾಡ್ಕೊಂಡು ಉಪ್ಪು ತಂದ್ಯಾ?" ಅಂದು ನನ್ನ ಕೈಯನ್ನೇ ನೋಡಿದ. "ನಿನ್ನ ಮನೆ ಬಾಗಿಲಲ್ಲಿ ಬೆಳಗ್ಗೆ ಯಾರೋ ನಿಂತಿದ್ರಂತೆ. ದಾರಿ ಕೇಳೋಕೆ ಬಂದಿದ್ರು ಅಂದ್ಕೊಂಡಿದೀನಿ. ಹೌದು ತಾನೇ?"

"ಹೌದು ಸ್ವಾಮಿ."

"ಒಳ್ಳೇದು. ನಿನ್ನ ಗಂಡ ಒಳ್ಳೇ ಕೆಲಸಗಾರ."

ಸೀಟಿ ಊದಿತು. ಝೋಫ್ಕಾ ನನ್ನ ಕೈ ಬಿಡಿಸಿಕೊಂಡು ಒಳಗೆ ಹೋದಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ ಕ್ರೌಚ್ ಶಿಳ್ಳೆ ಹಾಕುತ್ತ ಅವಳ ಹಿಂದೆಯೇ ಹೋದ.

ಸಂಜೆ ಪಾಲ್ಕೊಗೆ ಹೇಳಿದೆ. ಅವನು ಕೆಟ್ಟವನಲ್ಲ, ಆದರೆ ಹೆದರಿದವನಿಗೆ ಹಗ್ಗವೂ ಹಾವು.

"ಈ ಚಳೀಲಿ ಎಲ್ಲಿಗೆ ಹೋಗೋದು ತೆರೆಜಾ? ನೀನು ಬಾಯಿ ಮುಚ್ಕೊಂಡಿರು. ಅವಳೇ ಹೇಳ್ತಾಳಲ್ಲ, ಶುಕ್ರವಾರದವರೆಗೆ ಅಂತ."

ಬಾಯಿ ಮುಚ್ಚಿಕೊಂಡಿರು! ಆ ಊರಿನಲ್ಲಿ ಹೆಂಗಸರಿಗೆ ಸಿಗುತ್ತಿದ್ದ ಬುದ್ಧಿಮಾತು ಅದೊಂದೇ. ಮಂಗಳವಾರ ಬೆಳಗ್ಗೆ ಝೋಫ್ಕಾಳ ಬೂಟನ್ನು ಬಚ್ಚಿಟ್ಟೆ. ಅವಳು ಪಾಲ್ಕೊನ ಹಳೇ ಬೂಟು ಮೆಟ್ಟಿಕೊಂಡು ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹೋದಳು. ಹೊಸ ಹತ್ತಿ ತುರುಕಿ ಕಳಿಸಿದೆ. ಸಂಜೆ ಬಂದಾಗ ಹತ್ತಿಗೆ ಬೆಳ್ಳುಳ್ಳಿ ವಾಸನೆ. ಮೇಜಿನ ಮೇಲೆ ದೀಪ ಇಟ್ಟು ಅವಳ ಬಾಯಿ ನೋಡಿದೆ. ಒಸಡು ಕೆಂಪಗಿತ್ತು. ಅದು ಗಾಯದ ಕೆಂಪೋ, "ಅದರ" ಕೆಂಪೋ, ನನಗೇನು ಗೊತ್ತು?

ಬುಧವಾರ ಸಾರು ತೆಗೆದುಕೊಂಡು ಬೊರ್ಕಾ ಚಿಕ್ಕಮ್ಮನ ಹತ್ತಿರ ಹೋದೆ. ಅವಳ ಮಾತು ಸೊಸೆಗೂ ತಿಳಿಯುತ್ತಿರಲಿಲ್ಲ. ನನಗೆ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು. ಬಾಗಿಲ ಬಳಿಯೇ ನಿಂತು ಕೇಳಿದೆ:

"ಚಿಕ್ಕಮ್ಮಾ, ನಿಂಗೆ ಶುರುವಾದಾಗ ಹಲ್ಲು ಕೀಳಿಸಿದ್ಯಾ?"

ಕತ್ತಲಲ್ಲಿ ಅವಳು ತಲೆಯಾಡಿಸಿದ್ದು ಕಂಡಿತು.

"ಕೀಳಿಸಿ ಮನೇಲಿದ್ಯಾ? ಕೆಲಸಕ್ಕೆ ಹೋದ್ಯಾ?"

ಅವಳು ಬಹಳ ಹೊತ್ತು ಏನೇನೋ ಹೇಳಿದಳು. ಅದರಲ್ಲಿ ನನಗೆ ತಿಳಿದದ್ದು ಮೂರೇ ಮಾತು. ಕೀಳಿಸಿದೆ. ಮರುದಿನವೇ ಹೋದೆ. ಯಾರೂ ಹೇಳಲಿಲ್ಲ. ಕೊನೆಯ ಮಾತನ್ನು ಮತ್ತೆ ಮತ್ತೆ ಹೇಳಿದಳು. ಹೇಳಿದಾಗಲೆಲ್ಲ ಆ ಹಸಿರು ಬೆಳಕು ಅಲುಗುತ್ತಿತ್ತು. ನಾನು ಬಾಗಿಲು ಹಾಕಿ ಅಂಗಳಕ್ಕೆ ಬಂದೆ.

ಗುರುವಾರ ಸಂತ ಅಪೋಲೋನಿಯಾಳ ಹಬ್ಬ. ಹಬ್ಬದ ದಿನ ಹೆಂಗಸರೆಲ್ಲ ಕೆಲಸಕ್ಕೆ ಮುಂಚೆ, ಮುಂಜಾವದ ಪೂಜೆಗೆ ಹೋಗುತ್ತಿದ್ದರು. ಹೋಗುವಾಗ ಗದ್ದದ ಕೆಳಗಿನಿಂದ ತಲೆಯ ಮೇಲಕ್ಕೆ ಬಿಳಿ ವಸ್ತ್ರ ಬಿಗಿದು ಕಟ್ಟಿಕೊಳ್ಳಬೇಕು. ನೋವಿದ್ದವಳೂ ಕಟ್ಟಬೇಕು, ಇಲ್ಲದವಳೂ ಕಟ್ಟಬೇಕು. ನೋವಿದ್ದವಳು ಯಾರೆಂದು ಸಂತಳಿಗೆ ಗೊತ್ತು, ಊರಿಗೆ ಗೊತ್ತಾಗಬೇಕಿಲ್ಲ ಅಂತ ನಮ್ಮ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ನಮ್ಮ ಹಳೇ ಊರಿನಲ್ಲಿ ಅದು ಕರುಣೆಯೇ ಆಗಿತ್ತು. ಇಲ್ಲಿ ಆ ಬೆಳಗ್ಗೆ ಚರ್ಚಿನ ತುಂಬ ಒಂದೇ ರೀತಿ ಕಟ್ಟಿಕೊಂಡ ಬಿಳಿ ಮುಖಗಳನ್ನು ನೋಡಿದಾಗ ನನಗೆ ಹೆಣಗಳ ಸಾಲು ನೋಡಿದ ಹಾಗಾಯಿತು. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ಕಟ್ಟುವುದೂ ಹೀಗೆಯೇ ಅಲ್ಲವೇ?

ಪೂಜೆ ಮುಗಿದು ಹೊರಗೆ ಬಂದಾಗ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ರಸ್ತೆಯ ಆಚೆ ಕ್ರೌಚ್ ತನ್ನ ಗಾಡಿಯ ಮೇಲೆ ಕೂತು ಒಬ್ಬೊಬ್ಬಳನ್ನೂ ನೋಡುತ್ತಿದ್ದ. ಈಚೆ ಮೆಟ್ಟಿಲ ಬುಡದಲ್ಲಿ ಮಿಸ್ ಪೆನ್‌ಫೀಲ್ಡ್ ಚೀಲ ಹಿಡಿದು ನಿಂತಿದ್ದಳು. ಅವಳೂ ನೋಡುತ್ತಿದ್ದಳು. ಇಬ್ಬರಿಗೂ ಏನೂ ಕಾಣಲಿಲ್ಲ. ಹೆಂಗಸರು ಅವಳನ್ನು ಕಂಡು ಪ್ಲೇಗು ಕಂಡವರ ಹಾಗೆ ಸುತ್ತುಹಾಕಿ ಹೋಗುತ್ತಿದ್ದರು.

"ನನ್ನ ರೈಲು ಇವತ್ತು ಬೆಳಗ್ಗೆ" ಅಂತ ಅವಳು ತನ್ನ ಮಕ್ಕಳ ಭಾಷೆಯಲ್ಲಿ ಹೇಳುತ್ತಿದ್ದಳು. "ಒಬ್ಬರು ತೋರಿಸಿದ್ರೆ ಸಾಕು. ಒಬ್ಬರು."

ಯಾರೂ ನಿಲ್ಲಲಿಲ್ಲ. ಝೋಫ್ಕಾ ಚರ್ಚಿನಿಂದ ನೇರ ಕಾರ್ಖಾನೆಯ ದಾರಿ ಹಿಡಿದಳು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದಳು, ವಸ್ತ್ರ ಸರಿಮಾಡುವವಳ ಹಾಗೆ. ನೋವಿಗೆ ಅಂತ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಅವಳು ನಿದ್ದೆಯಲ್ಲಿ ನರಳಿದ್ದಳು.

"ಝೋಫ್ಕಾ, ನಿಲ್ಲೇ."

"ಸೀಟಿ ಆಗುತ್ತೆ ಅಕ್ಕ."

"ನಿಲ್ಲು ಅಂದೆ."

"ನಾಳೆ ಒಂದು ದಿನ. ನಾಳೆ ಒಂದೇ ದಿನ."

ಆ ಮಾತು ಕೇಳಿದ್ದೇ ನನಗೆ ತಲೆ ಕೆಟ್ಟಿತು. ಹೋಗಿ ಅವಳ ವಸ್ತ್ರದ ಗಂಟಿಗೆ ಕೈ ಹಾಕಿ ಎಳೆದೆ. ಅವಳು ಕಿರುಚಿದಳು. ಕರುವಿಗೆ ಮದ್ದು ಕುಡಿಸುವಾಗ ಹಿಡಿಯುತ್ತೇವಲ್ಲ, ಹಾಗೆ ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ, ಹೆಬ್ಬೆರಳು ಕೆನ್ನೆಯೊಳಗೆ ಹಾಕಿ ಬಾಯಿ ಬಿಡಿಸಿದೆ. ಬಲವಾಗಿ ಕಚ್ಚಿದಳು. ಬಿಡಲಿಲ್ಲ.

"ನೋಡಮ್ಮಾ! ಇಲ್ಲಿ ನೋಡು!" ಅಂತ ಕೂಗಿದೆ. "ಶನಿವಾರ ಕಿತ್ತದ್ದು! ಸೋಮವಾರದಿಂದ ಒಳಗಿದ್ದಾಳೆ! ಇವಳೊಬ್ಬಳೇ ಅಲ್ಲ, ಪಕ್ಕದ ಮನೆ ಹಿಂದಿನ ಕೋಣೇಲಿ ಬೊರ್ಕಾ ಇದ್ದಾಳೆ, ಹೋಗಿ ನೋಡು! ಕಿಟಕಿ ಕಂಬಳಿ ಕಿತ್ತು ನೋಡು!"

ಇಷ್ಟು ಹೆಂಗಸರಿದ್ದಾರಲ್ಲ, ಇನ್ನೊಬ್ಬಳಾದರೂ ಗಂಟು ಬಿಚ್ಚುತ್ತಾಳೆ ಅಂತ ನಾನು ಸುತ್ತಲೂ ನೋಡಿದೆ. ಒಬ್ಬಳೂ ಬಿಚ್ಚಲಿಲ್ಲ. ಇದ್ದ ಗಂಟನ್ನೇ ಇನ್ನಷ್ಟು ಬಿಗಿದುಕೊಂಡು ಹೋದರು. ಬೊರ್ಕಾಳ ಸೊಸೆ ಹತ್ತಿರ ಬಂದು ನನ್ನ ಕಾಲ ಬಳಿ ಉಗಿದಳು.

"ಒಡಹುಟ್ಟಿದವಳ ಮಾನ ಹರಾಜು ಹಾಕಿದ್ಯಲ್ಲೇ, ನಿನ್ನ ವಂಶ ಉದ್ಧಾರ ಆಗುತ್ತಾ?" ಅಂದಳು.

ಕ್ರೌಚ್ ಗಾಡಿಯಿಂದ ಇಳಿದು ಬಂದ. ಅವತ್ತು ಮೊದಲ ಬಾರಿ ಅವನ ಬಾಯಿ ಮುಚ್ಚಿತ್ತು. ಮಿಸ್ ಪೆನ್‌ಫೀಲ್ಡ್ ಇದ್ದದ್ದರಿಂದ ದನಿ ಏರಿಸಲಿಲ್ಲ.

"ಈ ಹುಡುಗಿ ಇನ್ನು ಕೆಲಸಕ್ಕೆ ಬರೋದು ಬೇಡ. ಇವತ್ತಿಂದಲೇ. ಮನೆ ವಿಷಯ ನಿನ್ನ ಗಂಡನ ಹತ್ರ ಮಾತಾಡ್ತೀನಿ."

ಅವನು ಶಿಕ್ಷೆಯೆಂದು ಕೊಟ್ಟದ್ದು ನನಗೆ ವರವಾಗಿತ್ತು. ಇವತ್ತಿಂದಲೇ! ನಾನು ಬೇಡುತ್ತಿದ್ದದ್ದೂ ಅಷ್ಟನ್ನೇ. ಆದರೂ ಮೆಟ್ಟಿಲ ಮೇಲೆ ಕುಸಿದು ಕೂತೆ. ಮನೆ ಹೋಯಿತು, ಪಾಲ್ಕೊನ ಕೆಲಸ ಹೋಯಿತು, ಬೀದಿ ಹೋಯಿತು. ಝೋಫ್ಕಾ ನನ್ನಿಂದ ದೂರ ನಿಂತು, ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಮಿಸ್ ಪೆನ್‌ಫೀಲ್ಡ್ ನಮ್ಮಿಬ್ಬರನ್ನೂ ಚರ್ಚಿನ ಹಿಂದಿನ ಅಡುಗೆಕೋಣೆಗೆ ಕರೆದುಕೊಂಡು ಹೋದಳು. ರೈಲಿನ ಮಾತು ಎತ್ತಲಿಲ್ಲ. ಚೀಲದಿಂದ ಪುಟ್ಟ ಕನ್ನಡಿ ತೆಗೆದು, ಬಿಸಿನೀರಿನಲ್ಲಿ ತೊಳೆದು, ಝೋಫ್ಕಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಝೋಫ್ಕಾ ನನ್ನ ಕಡೆ ತಿರುಗಿಯೂ ನೋಡದೆ ಬಾಯಿ ತೆರೆದಳು. ಕನ್ನಡಿ ಒಳಗೆ ಹೋಯಿತು.

"ಕೆಂಪಾಗಿದೆ, ಊದಿದೆ" ಅಂದಳು ಮಿಸ್ ಪೆನ್‌ಫೀಲ್ಡ್. "ಆದರೆ ಮೂಳೆ ಕಾಣಲ್ಲ. ತಳದಿಂದ ಮಾಂಸ ಬೆಳೀತಾ ಇದೆ. ಇನ್ನು ಅಲ್ಲಿಗೆ ಹೋಗದೇ ಇದ್ರೆ ಇವಳ ದವಡೆ ಉಳಿಯುತ್ತೆ."

ನಾನು ಜೋರಾಗಿ ಅತ್ತೆ. ಸಂತ ಅಪೋಲೋನಿಯಾಳಿಗೆ, ದೇವಮಾತೆಗೆ, ವಾಷಿಂಗ್ಟನ್ನಿಗೆ, ಎಲ್ಲರಿಗೂ ಕೈ ಮುಗಿದೆ. ತಂಗಿಯನ್ನು ತಬ್ಬಿಕೊಳ್ಳಲು ಹೋದರೆ ಅವಳು ಮೊಣಕೈಯಿಂದ ತಳ್ಳಿದಳು.

"ಮುಟ್ಬೇಡ ನನ್ನ. ದನ ಹಿಡಿದ ಹಾಗೆ ಹಿಡಿದ್ಯಲ್ಲ, ಊರೆದುರಿಗೆ."

"ಬೈಯ್ಯಿ ತಾಯಿ, ಎಷ್ಟು ಬೇಕಾದ್ರೂ ಬೈಯ್ಯಿ. ಬಾಯಿ ಉಳಿದಿದೆಯಲ್ಲ ಬೈಯೋಕೆ" ಅಂದೆ. ನನಗೆ ನಗು ಬಂತು.

ಮಿಸ್ ಪೆನ್‌ಫೀಲ್ಡ್ ಕನ್ನಡಿಯನ್ನು ಮತ್ತೆ ತೊಳೆಯುತ್ತಿದ್ದಳು. ನನ್ನ ಕಡೆ ನೋಡಿದಳು.

"ನೀನೂ ಕೆಲಸ ಮಾಡಿದ್ಯಾ ಅಲ್ಲಿ?"

"ಮದುವೆಗೆ ಮುಂಚೆ. ಈಗಲ್ಲ."

"ಎಷ್ಟು ವರ್ಷ?"

"ಐದು."

"ಹಲ್ಲು ಕ್ಷೌರದವನ ಹತ್ರ ಕೀಳಿಸಿದ್ದುಂಟಾ?"

"ಒಂದು. ಮದುವೆ ಹತ್ರ ಬಂದಾಗ. ಅದೆಲ್ಲ ಹಳೇ ಕಥೆ. ನಂಗೇನೂ ನೋವಿಲ್ಲ."

"ಆ ಜಾಗ ಮುಚ್ಚಿದೆಯಾ?"

ಆ ಜಾಗವನ್ನು ನಾಲಗೆಯಿಂದ ಮುಟ್ಟುವುದು ನನಗೆ ಅಭ್ಯಾಸವಾಗಿಹೋಗಿತ್ತು. ಒರಟಾಗಿ ಏನೋ ತಾಗುತ್ತಿತ್ತು. ಒಳಗೆ ಹಲ್ಲಿನ ಚೂರು ಉಳಿದಿರಬೇಕು ಅಂದುಕೊಂಡಿದ್ದೆ. ಕ್ಷೌರದವನ ಕೈಕೆಲಸ ಅಲ್ಲವೇ, ಹಾಗೇ ಇರುತ್ತದೆ ಅಂದುಕೊಂಡಿದ್ದೆ.

"ಕಾನೂನು ಬರುತ್ತೆ" ಅಂದಳು ಅವಳು, ಮೆಲ್ಲಗೆ. "ನಿನ್ನ ತಂಗಿ ತೋರಿಸಿದ್ರಿಂದ ಬೇಗ ಬರುತ್ತೆ. ಈಗ ನೀನೂ ತೋರಿಸು."

ಅವಳ ಕೈಯಲ್ಲಿ ಕನ್ನಡಿ. ನಾನು ಗದ್ದದ ವಸ್ತ್ರದ ಗಂಟಿಗೆ ಕೈ ಹಾಕಿದೆ. ಬೆರಳು ಆಡಲಿಲ್ಲ. ತಂಗಿಯ ಬಾಯಿಯನ್ನು ನಡುಬೀದಿಯಲ್ಲಿ ಬಿಡಿಸಿದ ಅದೇ ಬೆರಳು. "ನಂಗೆ ಬೇಡ" ಅಂದೆ. "ಗಂಡಸರಿಗೆ ಊಟಕ್ಕೆ ಹೊತ್ತಾಯ್ತು, ಹಿಟ್ಟು ನಾದಿಲ್ಲ, ನಾನು ಹೊರಡ್ತೀನಿ" ಅಂದೆ. ಎದ್ದೆ ಕೂಡ.

ಝೋಫ್ಕಾ ಬಂದು ನನ್ನ ಎದುರು ನಿಂತಳು. ಕಣ್ಣು ಕೆಂಪಗೆ, ಹುಬ್ಬು ಗಂಟಿಕ್ಕಿಕೊಂಡು.

"ನಾನು ತೆರೆದೆ. ಈಗ ನೀನು ತೆರಿ" ಅಂದಳು. ಗಂಟನ್ನು ಒಂದೇ ಸಲಕ್ಕೆ ಎಳೆದು ಬಿಚ್ಚಿದಳು. ವಸ್ತ್ರ ನನ್ನ ಕಾಲ ಬಳಿ ಬಿತ್ತು.

ನಾನು ಕೂತು ಬಾಯಿ ತೆರೆದೆ. ಕನ್ನಡಿ ತಣ್ಣಗಿತ್ತು. ನನ್ನ ಬಾಯಿ ನನಗೆ ಕಾಣುವುದಿಲ್ಲವಲ್ಲ, ಮಿಸ್ ಪೆನ್‌ಫೀಲ್ಡ್‌ಳ ಮುಖ ಬೆಳಕಿಗೆ ಬೆನ್ನುಮಾಡಿ ಕತ್ತಲಾಗಿತ್ತು, ಹಾಗಾಗಿ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ತಂಗಿಯ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿತ್ತು. ದೇವರೇ, ಆ ಸಿಟ್ಟು ಹಾಗೇ ಇರಲಿ ಅಂತ ಬೇಡಿಕೊಂಡೆ. ಕನ್ನಡಿ ಹಿಂದಕ್ಕೆ ಸರಿದು, ಹಲ್ಲಿಲ್ಲದ ಆ ಜಾಗದಲ್ಲಿ ನಿಂತಿತು. ಮಿಸ್ ಪೆನ್‌ಫೀಲ್ಡ್ ಅಲ್ಲಿನ ಒರಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು.

ಝೋಫ್ಕಾಳ ಹುಬ್ಬಿನ ಗಂಟು ಸಡಿಲವಾಯಿತು. ಅವಳು ಬಗ್ಗಿ ನನ್ನ ಕೈ ಹಿಡಿದುಕೊಂಡಳು.